ಬಿಲ್ಲಿಂಗ್ ಕೌಂಟರಿಗೆ ಡಿಗ್ರಿ ಯಾಕೆ ಬೇಕು? ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ವಿಷಯ: ಸೇಲ್ಸ್, ಬಿಲ್ಲಿಂಗ್, ಕಸ್ಟಮರ್ ಕೇರ್ ಕೆಲಸಗಳಿಗೆ ಡಿಗ್ರಿ ಕೇಳುವುದನ್ನು ನಿಲ್ಲಿಸುವ ಬಗ್ಗೆ.

ಸರ್, ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲುವುದಕ್ಕೂ ಡಿಗ್ರಿ ಇರಬೇಕು ಎನ್ನುವ ಷರತ್ತನ್ನು ದಯವಿಟ್ಟು ತೆಗೆಸಿ. ಇದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ಮಂತ್ರಿಗಳಿಗೆ ಬರೆದರೆ ಏನು ಸಿಗುತ್ತದೆ, ಸುಮ್ನೆ ಇರು ಅಂತ ಮನೆಯಲ್ಲಿ ಹೇಳಿದರು. ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ನಾನು ಪಿಯುಸಿ ಕಾಮರ್ಸ್ ಪಾಸಾದವಳು. ಬಿ.ಕಾಂ. ಸೇರಲು ಅರ್ಜಿ ತಂದಿಟ್ಟ ವರ್ಷವೇ ಅಪ್ಪನಿಗೆ ಲಕ್ವ ಹೊಡೆಯಿತು. ತಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದ. ಅರ್ಜಿ ತುಂಬಲಿಲ್ಲ, ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದೆ. ಮೊದಮೊದಲು ಗಿರಾಕಿಗಳು ಬಿಚ್ಚಿ ಹಾಕಿದ ಬಟ್ಟೆ ಮಡಿಸಿ ಜೋಡಿಸುವುದಷ್ಟೇ ನನ್ನ ಕೆಲಸ. ಆಮೇಲೆ ಸ್ಟಾಕ್ ಎಣಿಸುವುದು ಬಂತು, ಬಿಲ್ಲಿಂಗ್ ಬಂತು. ಜಿಎಸ್‌ಟಿ ಬಂದ 2017ರಲ್ಲಿ ಇಡೀ ಅಂಗಡಿಯ ರೇಟ್ ಪಟ್ಟಿಯನ್ನು ಹೊಸದಾಗಿ ಕಂಪ್ಯೂಟರಿಗೆ ಹಾಕಿದ್ದು ನಾನೇ. ಯಾವ ಸೈಜ್ ಬೇಗ ಖಾಲಿಯಾಗುತ್ತದೆ, ಸುಮ್ಮನೆ ನೋಡಿ ಹೋಗಲು ಬಂದವರು ಯಾರು, ಎಕ್ಸ್‌ಚೇಂಜ್‌ಗೆ ಬಂದು ಕೂಗಾಡುವವರನ್ನು ಹೇಗೆ ಕೂರಿಸಿ ಮಾತಾಡಿಸಬೇಕು, ಯುಪಿಐ ದುಡ್ಡು ಕಟ್ ಆಗಿ ನಮ್ಮ ಖಾತೆಗೆ ಬರದಿದ್ದರೆ ಗಿರಾಕಿಗೆ ಏನು ಹೇಳಬೇಕು, ಇದೆಲ್ಲ ನಿಂತು ಕಲಿತ ವಿದ್ಯೆ. ಯಾವ ಕಾಲೇಜಿನಲ್ಲೂ ಇದಕ್ಕೆ ಸಿಲೆಬಸ್ ಇಲ್ಲ.

ಮಾಲೀಕರಿಗೆ ವಯಸ್ಸಾಗಿ ಅಂಗಡಿ ಮುಚ್ಚಿದರು. ಒಳ್ಳೆಯ ಮನುಷ್ಯರೇ. ಆದರೆ ಅಷ್ಟು ವರ್ಷದಲ್ಲಿ ನನ್ನ ಕೈಗೆ ಒಂದು ಚೀಟಿ ಕೊಟ್ಟಿರಲಿಲ್ಲ. ಸಂಬಳ ಕವರಿನಲ್ಲಿ ಬರುತ್ತಿತ್ತು. ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ, ಸ್ಯಾಲರಿ ಸ್ಲಿಪ್ ಇಲ್ಲ. ಈಗ ಎಲ್ಲಿ ಹೋದರೂ ಎರಡೇ ಪ್ರಶ್ನೆ: ಡಿಗ್ರಿ ಇದೆಯಾ? ಇಲ್ಲ. ಎಕ್ಸ್‌ಪೀರಿಯನ್ಸ್ ಲೆಟರ್ ಇದೆಯಾ? ಅದೂ ಇಲ್ಲ. ಹಾಗಾದರೆ ನೀವು ಫ್ರೆಶರ್ ಅನ್ನುತ್ತಾರೆ. ಫ್ರೆಶರ್ ಅಂದ ಮೇಲೆ ಡಿಗ್ರಿ ಕಡ್ಡಾಯವಂತೆ!

ನಿಮಗೆ ಗೊತ್ತಿರುವ ಕಾನೂನೇ ಇದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 6ಎ ಕಲಂ ಪ್ರಕಾರ ಕೆಲಸಕ್ಕೆ ಸೇರಿಸಿಕೊಂಡ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು. ಹೊಸ ಕಾರ್ಮಿಕ ಸಂಹಿತೆಗಳಲ್ಲೂ ನೇಮಕಾತಿ ಪತ್ರ ಕಡ್ಡಾಯ ಅಂತ ಕೇಂದ್ರ ಸರ್ಕಾರ ಹೇಳುತ್ತಿದೆ. ಸಣ್ಣ ಅಂಗಡಿಗಳಲ್ಲಿ ಆ ಪತ್ರ ನೋಡಿದ ಒಬ್ಬ ಹುಡುಗಿಯನ್ನೂ ನಾನು ಕಂಡಿಲ್ಲ ಸರ್. ಈ ಒಂದು ನಿಯಮ ಸರಿಯಾಗಿ ನಡೆದಿದ್ದರೆ ಡಿಗ್ರಿ ಇಲ್ಲದ ನನ್ನಂಥವರ ಕೈಯಲ್ಲಿ ಅನುಭವದ ದಾಖಲೆಯಾದರೂ ಇರುತ್ತಿತ್ತು.

ಇನ್ನು ಈ ಪತ್ರ ಬರೆಯುವಂತೆ ಮಾಡಿದ ಸಂಗತಿ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಒಂದು ದೊಡ್ಡ ಶೋರೂಮಿನ ವಾಕ್‌ಇನ್ ಇಂಟರ್‌ವ್ಯೂಗೆ ಹೋಗಿದ್ದೆ. ಹೆಸರು ಬೇಡ. ಎಚ್‌ಆರ್ ಮೇಡಂ ನನ್ನ ರೆಸ್ಯೂಮೆ ನೋಡಿ ಡಿಗ್ರಿ ಇಲ್ಲವಲ್ಲ ಅಂದರು. ಕೆಲಸ ಬರುತ್ತದೆ ಮೇಡಂ, ಒಂದು ಸಲ ಮಾಡಿಸಿ ನೋಡಿ ಅಂದೆ. ಸರಿ, ಫ್ಲೋರಿನಲ್ಲಿ ಟ್ರಯಲ್ ಮಾಡಿ, ಆಮೇಲೆ ಹೇಳುತ್ತೇವೆ ಅಂದರು. ಹಬ್ಬದ ಸೇಲ್ ಶುರುವಾಗಿತ್ತು. ನನ್ನ ಜೊತೆ ಇನ್ನೂ ಇಬ್ಬರು ಹುಡುಗಿಯರಿದ್ದರು, ಅವರದ್ದೂ ಪಿಯುಸಿ. ಮೂವರಿಗೂ ಕಂಪನಿಯ ಟೀ ಶರ್ಟ್ ಕೊಟ್ಟರು. ಹಾಜರಿ ಮಷೀನಿನಲ್ಲಿ ನಮ್ಮ ಬೆರಳಚ್ಚು ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿಕೊಂಡರು, ಅಷ್ಟೇ.

ಬೆಳಿಗ್ಗೆ ಶಟರ್ ಎತ್ತುವ ಮೊದಲು ಹೋಗಬೇಕು, ರಾತ್ರಿ ಕ್ಯಾಶ್ ಕ್ಲೋಸ್ ಆದ ಮೇಲೆ ಹೊರಡಬೇಕು. ಕೂರಲು ಸ್ಟೂಲ್ ಇರಲಿಲ್ಲ. ಕ್ಯೂ ಬೆಳೆದಾಗ ಸೂಪರ್‌ವೈಸರ್ ತನ್ನ ಲಾಗಿನ್‌ನಲ್ಲೇ ನನ್ನನ್ನು ಬಿಲ್ಲಿಂಗ್‌ಗೆ ನಿಲ್ಲಿಸಿದರು. ಒಂದು ದಿನ ಆಫರ್ ಬಿಲ್ಲಿನಲ್ಲಿ ಬರಲಿಲ್ಲ ಅಂತ ಒಬ್ಬರು ಸ್ಕ್ಯಾನರ್ ಎತ್ತಿ ಟೇಬಲ್ ಮೇಲೆ ಕುಕ್ಕಿ ಗಲಾಟೆ ಮಾಡಿದರು. ಪರ್ಮನೆಂಟ್ ಹುಡುಗರೆಲ್ಲ ಹಿಂದೆ ಸರಿದರು. ನಾನೇ ಮಾತಾಡಿಸಿ, ಬಿಲ್ ಕ್ಯಾನ್ಸಲ್ ಮಾಡಿಸಿ, ಹೊಸದಾಗಿ ಹಾಕಿಕೊಟ್ಟೆ. ನಿನ್ನಂಥವರು ಬೇಕಮ್ಮ ಅಂತ ಸೂಪರ್‌ವೈಸರ್ ಎಲ್ಲರ ಮುಂದೆ ಹೇಳಿದರು. ಕೆಲಸ ಸಿಕ್ಕಿತು ಅಂತ ಅಪ್ಪನಿಗೆ ಆ ರಾತ್ರಿಯೇ ಹೇಳಿಬಿಟ್ಟೆ.

ಸೇಲ್ ಮುಗಿಯಿತು. ಮಾರನೇ ದಿನ ಎಚ್‌ಆರ್ ಕರೆದರು. ಸಿಸ್ಟಮ್‌ನಲ್ಲಿ ಡಿಗ್ರಿ ಕಾಲಂ ಕಡ್ಡಾಯ, ಅದನ್ನು ತುಂಬದೆ ಎಂಪ್ಲಾಯೀ ನಂಬರ್ ಬರುವುದಿಲ್ಲ, ಸಾರಿ ಅಂದರು. ಮೂವರಿಗೂ ಅದೇ ಮಾತು. ಇಷ್ಟು ದಿನ ಮಾಡಿದ ಕೆಲಸದ ದುಡ್ಡು ಕೇಳಿದೆ. ಟ್ರಯಲ್‌ಗೆ ಸಂಬಳ ಇಲ್ಲ, ಅದು ಇಂಟರ್‌ವ್ಯೂನ ಭಾಗ ಅಂದರು. ಏಳುವಾಗ ಇನ್ನೊಂದು ಮಾತು ಹೇಳಿದರು: ಟೀ ಶರ್ಟ್ ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಡಿ.

ನನ್ನ ರೆಸ್ಯೂಮೆಯಲ್ಲಿ ಡಿಗ್ರಿ ಇಲ್ಲ ಎಂಬುದು ಅವರಿಗೆ ಮೊದಲ ದಿನವೇ ಗೊತ್ತಿತ್ತು ಸರ್. ಹಬ್ಬದ ಜನಜಂಗುಳಿಯಲ್ಲಿ ಅದು ಯಾರಿಗೂ ಅಡ್ಡಿಯಾಗಲಿಲ್ಲ. ಸಂಬಳ ಕೊಡಬೇಕಾದಾಗ ಮಾತ್ರ ಅಡ್ಡ ಬಂತು. ಇದು ಮೋಸ. ಬೇರೆ ಪದ ನನಗೆ ಗೊತ್ತಿಲ್ಲ.

ಹೊಸಬರನ್ನು ತರಬೇತಿಗೆ ಇಟ್ಟುಕೊಳ್ಳಲು ಕಾನೂನಿನಲ್ಲೇ ದಾರಿ ಇದೆ. ಅಪ್ರೆಂಟಿಸ್ ಕಾಯ್ದೆಯ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಸಿಬ್ಬಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಸ್ಟೈಪೆಂಡ್ ಕೊಡಬೇಕು. ಆ ಶೋರೂಮಿನವರು ನಮ್ಮನ್ನು ಹಾಗೆ ತೆಗೆದುಕೊಂಡಿದ್ದರೆ ಕೈಗೆ ದುಡ್ಡೂ ಬರುತ್ತಿತ್ತು, ಕೊನೆಗೆ ಒಂದು ಸರ್ಟಿಫಿಕೇಟೂ ಸಿಗುತ್ತಿತ್ತು. ರಿಟೇಲ್ ವಲಯಕ್ಕೆ ಅಂತಲೇ ಒಂದು ಕೌಶಲ ಮಂಡಳಿ ಇದೆ. ಕ್ಯಾಶಿಯರ್, ಸೇಲ್ಸ್ ಅಸೋಸಿಯೇಟ್ ಕೆಲಸಗಳಿಗೆ ಅವರು ಮಾಡಿರುವ ಕೋರ್ಸ್ ಸೇರಲು ಡಿಗ್ರಿ ಬೇಕಿಲ್ಲ. ಕೌಶಲ ಮಂಡಳಿಗೆ ಬೇಡವಾದ ಡಿಗ್ರಿ ಶೋರೂಮಿಗೆ ಯಾಕೆ ಬೇಕು? ಜಾಹೀರಾತಿನಲ್ಲಿ ಯಾವ ಡಿಗ್ರಿಯಾದರೂ ಸರಿ ಅಂತ ಬರೆದಿರುತ್ತಾರೆ. ಸಸ್ಯಶಾಸ್ತ್ರ ಓದಿದವರೂ ಆಗಬಹುದು, ಇತಿಹಾಸ ಓದಿದವರೂ ಆಗಬಹುದು. ಹಾಗಾದರೆ ಅವರಿಗೆ ಓದು ಬೇಕಾಗಿಲ್ಲ ಅಂತಲೇ ಅರ್ಥ ಅಲ್ವಾ? ಬಂದ ರೆಸ್ಯೂಮೆಗಳ ರಾಶಿ ಕಡಿಮೆ ಮಾಡಿಕೊಳ್ಳಲು ಒಂದು ಜರಡಿ ಹಿಡಿಯುತ್ತಾರೆ. ಆ ಜರಡಿಯಲ್ಲಿ ಸೋರಿ ಹೋಗುವವರು ಮನೆ ಕಷ್ಟಕ್ಕೆ ಓದು ಬಿಟ್ಟ ನಮ್ಮಂಥವರು.

ಕಾಲ್ ಸೆಂಟರ್‌ಗಳ ಕಥೆಯೂ ಬೇರೆ ಏನಲ್ಲ. ಕನ್ನಡದಲ್ಲಿ ಮಾತಾಡಿ ಕನ್ನಡದ ಗ್ರಾಹಕರ ದೂರು ಕೇಳುವ ಕೆಲಸಕ್ಕೂ ಡಿಗ್ರಿ ಕೇಳಿದ್ದಾರೆ. ಎಲ್ಲರೂ ಹಾಗಲ್ಲ, ಪಿಯುಸಿ ಸಾಕು ಅನ್ನುವವರೂ ಇದ್ದಾರೆ. ಆದರೆ ನನಗೆ ಹಾಗೆ ಸಿಕ್ಕವರಲ್ಲಿ ಒಬ್ಬರು ಸಂಬಳವೇ ಇಲ್ಲದೆ ಬರೀ ಕಮಿಷನ್ ಅಂದರು. ಇನ್ನೊಂದು ಕನ್ಸಲ್ಟೆನ್ಸಿ ರಿಜಿಸ್ಟ್ರೇಷನ್ ಅಂತ ದುಡ್ಡು ಕಟ್ಟಿಸಿಕೊಂಡು ಫೋನ್ ಎತ್ತುವುದನ್ನೇ ಬಿಟ್ಟಿತು.

ಯುವನಿಧಿ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಸರ್ಕಾರ ಅದಕ್ಕೆ ಚಾಲನೆ ಕೊಟ್ಟಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಅವರಿಗೆ ಸಿಗಲಿ, ಸಂತೋಷ. ಪಿಯುಸಿಗೇ ನಿಂತವರಿಗೆ ಅದರಲ್ಲಿ ಏನೂ ಇಲ್ಲ. ನಾನು ಭತ್ಯೆ ಕೇಳುತ್ತಿಲ್ಲ ಸರ್. ಭತ್ಯೆಗೂ ಡಿಗ್ರಿ ಬೇಕು, ಕೆಲಸಕ್ಕೂ ಡಿಗ್ರಿ ಬೇಕು ಅಂದರೆ ನಾವು ಎಲ್ಲಿಗೆ ಹೋಗಬೇಕು? ಭತ್ಯೆ ಬೇಡ, ಕೆಲಸದ ಬಾಗಿಲಲ್ಲಿ ನಿಲ್ಲಿಸಿರುವ ಡಿಗ್ರಿ ತೆಗೆಸಿ.

ಖಾಸಗಿಯವರ ನೇಮಕಾತಿಗೆ ಸರ್ಕಾರ ಕೈಹಾಕಲು ಆಗುವುದಿಲ್ಲ ಅಂತ ಅಧಿಕಾರಿಗಳು ನಿಮಗೆ ಹೇಳಬಹುದು. ಆದರೆ 2021ರಲ್ಲಿ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದು ಅಂತ ಸರ್ಕಾರ ಅಧಿಸೂಚನೆ ಹೊರಡಿಸಿತು. ವಾರದ ರಜೆ ತಪ್ಪದಂತೆ ಹೆಚ್ಚುವರಿ ಸಿಬ್ಬಂದಿ ನೇಮಿಸಬೇಕು ಅಂತ ಅದರಲ್ಲಿ ಷರತ್ತು ಹಾಕಿತ್ತು. ಅಂದರೆ ಷರತ್ತು ಹಾಕಲು ಬರುತ್ತದೆ. ವ್ಯಾಪಾರಿಗಳಿಗೆ ಅನುಕೂಲ ಆಗುವುದಾದರೆ ಆದೇಶ ಬರುತ್ತದೆ, ನಮ್ಮ ಸರದಿ ಬಂದಾಗ ಮಾತ್ರ ಅಧಿಕಾರ ಇಲ್ಲ ಅನ್ನಬೇಡಿ. ಈ ಮಾತು ಒರಟಾಯಿತು ಅನ್ನಿಸಿದರೆ ಕ್ಷಮಿಸಿ. ಆದರೆ ನಾನು ಹೇಳಬೇಕಾದದ್ದು ಅದೇ.

ಕಾನೂನು ತಿದ್ದಲು ಸಮಯ ಬೇಕು ಅಂದರೆ ಸರ್ಕಾರದ ಕೈಯಲ್ಲೇ ಇರುವುದನ್ನು ಮೊದಲು ಮಾಡಿ. ಸರ್ಕಾರ ನಡೆಸುವ ಉದ್ಯೋಗ ಮೇಳಗಳಲ್ಲಿ ಸ್ಟಾಲ್ ಹಾಕುವ, ಸರ್ಕಾರದ ಉದ್ಯೋಗ ಪೋರ್ಟಲ್‌ನಲ್ಲಿ ಹೆಸರು ಹಾಕುವ ಕಂಪನಿಗಳು ಸೇಲ್ಸ್, ಕ್ಯಾಶ್, ಕಸ್ಟಮರ್ ಕೇರ್ ಕೆಲಸಗಳಿಗೆ ಡಿಗ್ರಿ ಕೇಳಬಾರದು ಅಂತ ಆದೇಶ ಮಾಡಿ. ಮೇಳ, ಪೋರ್ಟಲ್ ನೋಡಿಕೊಳ್ಳುವ ಕೌಶಲ್ಯಾಭಿವೃದ್ಧಿ ಇಲಾಖೆ ನಿಮ್ಮದಲ್ಲ, ಗೊತ್ತು. ಆ ಸಚಿವರು ನಿಮ್ಮದೇ ಸಂಪುಟದಲ್ಲಿದ್ದಾರಲ್ಲ, ಕೂತು ಮಾತಾಡಿ. ಟ್ರಯಲ್ ಹೆಸರಿನಲ್ಲಿ ದುಡಿಸಿಕೊಂಡ ಪ್ರತಿ ದಿನಕ್ಕೂ ಕನಿಷ್ಠ ವೇತನ ಕೊಡಿಸಿ. ಹಬ್ಬದ ಸೇಲ್ ಸಮಯದಲ್ಲಿ ನಿಮ್ಮ ಕಾರ್ಮಿಕ ನಿರೀಕ್ಷಕರನ್ನು ಶೋರೂಮ್‌ಗಳಿಗೆ ಕಳಿಸಿ. ಹಾಜರಿ ಮಷೀನಿನಲ್ಲಿರುವ ಹೆಸರುಗಳನ್ನೂ ಫ್ಲೋರಿನಲ್ಲಿ ಟೀ ಶರ್ಟ್ ಹಾಕಿ ನಿಂತಿರುವವರನ್ನೂ ಹೋಲಿಸಿ ನೋಡಲು ಹೇಳಿ. ಸಣ್ಣ ಅಂಗಡಿಗಳಲ್ಲಿ 6ಎ ಕಲಂ ಪ್ರಕಾರ ಪತ್ರ ಕೊಟ್ಟಿದ್ದಾರಾ ಅಂತ ಕೇಳಿಸಿ.

ಇದರಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ ಡಿಗ್ರಿ ಷರತ್ತನ್ನು ತೆಗೆಸಿ. ಲೆಕ್ಕದ ಪರೀಕ್ಷೆ ಕೊಡಲಿ, ಬಿಲ್ ಹಾಕಿಸಿ ನೋಡಲಿ, ಗಿರಾಕಿಯ ಮುಂದೆ ನಿಲ್ಲಿಸಿ ನೋಡಲಿ. ಫೇಲಾದರೆ ಮನೆಗೆ ಕಳಿಸಲಿ, ಬೇಜಾರಿಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ಮಾತ್ರ ಕಳಿಸಬಾರದು.

ಆದೇಶ ಹೊರಟ ದಿನ ಅದರ ಕನ್ನಡ ಪ್ರತಿಯನ್ನು ಎಲ್ಲ ಜಿಲ್ಲೆಗಳ ಉದ್ಯೋಗ ವಿನಿಮಯ ಕಚೇರಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಮುಂದಿನ ಇಂಟರ್‌ವ್ಯೂಗೆ ಹೋಗುವಾಗ ಅದರ ಜೆರಾಕ್ಸ್ ತೆಗೆದುಕೊಂಡು ಹೋಗುತ್ತೇನೆ.

ಇಂತಿ,
ಕೆಲಸ ಹುಡುಕುತ್ತಿರುವ, ಪಿಯುಸಿ ಓದಿದ ಒಬ್ಬ ಸೇಲ್ಸ್‌ಗರ್ಲ್