ಉದ್ರಿ ಪುಸ್ತಕ ಕೊಟ್ಟ ಕಾಕಾನಿಗೆ

ಕಳೆದ ವಾರ ಚಿಂಚೋಳಿ ತಾಲ್ಲೂಕಿನ ನಮ್ಮೂರಿನ ಹನ್ನೊಂದು ಮಂದಿಗೆ ಕೃಷಿ ಹೊಂಡದ ಸಾಲ ಮಂಜೂರಾಯಿತು. ಆ ಫೈಲು ಬರೆದವಳು ನಾನು. ಎರಡು ಸಲ ವಾಪಸ್ ಬಂದಿತ್ತು. ಹಾಗಾಗಿ ಥ್ಯಾಂಕ್ಸ್ ಹೇಳುವುದು ಸ್ವಲ್ಪ ಜಾಸ್ತಿಯೇ ಇದೆ.

ಮೊದಲು ಮುತ್ಯಾ. ಈಗ ಅವನಿಲ್ಲ. ಗೊಟ್ಟಂಗೊಟ್ಟದ ಅಡವಿ ತೋರಿಸಿದ್ದು ಅವನೇ. 2011ರಲ್ಲಿ ಅದು ವನ್ಯಜೀವಿ ಧಾಮವಾಯಿತು, ನಮಗೆ ಮಾತ್ರ ಮೊದಲಿನಿಂದಲೂ ಬರೀ ಅಡವಿ. ಚಂದ್ರಂಪಳ್ಳಿ ಡ್ಯಾಮಿನ ದಂಡೆಯಲ್ಲಿ ಬುತ್ತಿ ಬಿಚ್ಚುವ ಮೊದಲು, ಹೋದ ವರ್ಷ ನೀರು ಯಾವ ಕಲ್ಲಿನವರೆಗೆ ಇತ್ತು ಅಂತ ನೋಡುತ್ತಿದ್ದ. ನಾನು ಹಕ್ಕಿ ನೋಡುತ್ತಿದ್ದೆ. ಮುಂದೆ ಹಕ್ಕಿ ನೋಡುವುದೇ ನನ್ನ ನೌಕರಿ ಅಂದುಕೊಂಡಿದ್ದೆ.

ಆಗಲಿಲ್ಲ. ಕಲಬುರಗಿಯಲ್ಲಿ ಬಿ.ಕಾಂ. ಮುಗಿಸಿ, ಸುತ್ತಿ ಬಳಸಿ ಕ್ಲೈಮೇಟ್ ಫೈನಾನ್ಸಿಗೆ ಬಂದೆ, ಅಂದರೆ ಹವಾಮಾನ ಬದಲಾವಣೆ ಎದುರಿಸುವ ಕೆಲಸಗಳಿಗೆ ದುಡ್ಡು ಹೊಂದಿಸುವ ನೌಕರಿಗೆ. ಅವ್ವ ಎಲ್ಲರಿಗೂ "ನಮ್ಮಾಕಿ ಮಳಿ ಬ್ಯಾಂಕಿನಾಗ ಅದಾಳ" ಅನ್ನುತ್ತಾಳೆ. ತೀರಾ ತಪ್ಪೇನಲ್ಲ.

ಈ ಕೆಲಸದಲ್ಲಿ ಸೋಲಾರ್‌ಗೆ ಸಾಲ ಬೇಗ ಹುಟ್ಟುತ್ತದೆ. ಕರೆಂಟು ಮಾರಿದ ದುಡ್ಡು ತಿಂಗಳು ತಿಂಗಳು ಕಾಣುತ್ತದಲ್ವಾ. ಹೊಂಡ, ಒಡ್ಡು ಅಂದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಹೊಂಡ ಏನನ್ನೂ ಮಾರುವುದಿಲ್ಲ, ನಷ್ಟ ತಪ್ಪಿಸುತ್ತದೆ ಅಷ್ಟೇ. ತಪ್ಪಿದ ನಷ್ಟಕ್ಕೆ ರಸೀದಿ ಎಲ್ಲಿಂದ ತರೋದು? ತೊಗರಿ ಹೂ ಬಿಡುವ ಹೊತ್ತಿಗೆ ನಮ್ಮಲ್ಲಿ ಮಳೆ ಹಿಂದೆ ಸರಿದಿರುತ್ತದೆ. ಆಗ ಒಂದು ನೀರು ಸಿಕ್ಕರೆ ಕಾಯಿ ಕಟ್ಟುತ್ತದೆ, ಇಲ್ಲದಿದ್ದರೆ ಹೂ ಉದುರುತ್ತದೆ. ಊರಿಗೆಲ್ಲ ಗೊತ್ತಿರುವ ಈ ಮಾತು ಫೈಲಿನಲ್ಲಿ ನಿಲ್ಲುತ್ತಿರಲಿಲ್ಲ.

ನಿಲ್ಲಿಸಿದ್ದು ಕಿರಾಣಿ ಅಂಗಡಿ ಕಾಕಾ. ರಜೆಗೆ ಹೋದಾಗ ಸುಮ್ನೆ ಗೋಳು ತೋಡಿಕೊಂಡೆ. ಅವರು ಗಲ್ಲಾದ ಕೆಳಗಿಂದ ಹದಿನಾಲ್ಕು ವರ್ಷದ ಉದ್ರಿ ಪುಸ್ತಕ ಎಳೆದು ಹಾಕಿದರು. ಕೆಂಪು ರಟ್ಟು, ಪುಟದ ತುಂಬ ಎಣ್ಣೆ ಕಲೆ. "ಹೂ ಉದುರಿದ ವರ್ಷ ಸಂಕ್ರಾಂತಿ ದಾಟಿದ್ರೂ ಉದ್ರಿ ಚುಕ್ತಾ ಆಗಂಗಿಲ್ಲ ನೋಡವ್ವ. ಬಾವಿ ಇದ್ದವ್ರದ್ದು ಮಾತ್ರ ಆಗಿರ್ತದ." ಹೆಸರು ಬರೆದುಕೊಳ್ಳಬಾರದು ಅಂತ ಷರತ್ತು ಹಾಕಿದರು. ಹೆಸರಿನ ಸಾಲಿನ ಮೇಲೆ ಅವರೇ ಬೀಡಿ ಕಟ್ಟಿನ ಕಾಗದ ಹಿಡಿದರು, ನಾನು ಫೋಟೊ ತೆಗೆದೆ. ಎರಡು ದಿನ ಹಿಡಿಯಿತು.

2020ರ ಅಕ್ಟೋಬರಿನ ಮಳೆಯ ವರ್ಷ ಮಾತ್ರ ಬಾವಿ ಇದ್ದವರದ್ದೂ ಬಾಕಿ. ಮೀಟಿಂಗಿನಲ್ಲಿ ಅದನ್ನೇ ಹಿಡಿದು ಕೇಳಿದರು. ಅತಿಮಳೆಗೆ ಹೊಂಡ ಮದ್ದಲ್ಲ, ಅದಕ್ಕೆ ಬೆಳೆ ವಿಮೆಯೇ ಬೇಕು, ತೊಗರಿಗೆ ರೈತರು ಕಟ್ಟುವ ಕಂತು ವಿಮೆ ಮೊತ್ತದ ಶೇ. 2 ಅಂದೆ. ಆ ವರ್ಷದ ಲೆಕ್ಕ ಅಡಗಿಸಿದ್ದರೆ ಮೂರನೇ ಸಲವೂ ವಾಪಸ್ ಬರುತ್ತಿತ್ತೇನೋ.

ರಾತ್ರಿ ಕೂತು ಆ ಫೋಟೊಗಳನ್ನೆಲ್ಲ ಲೆಕ್ಕದ ಹಾಳೆಗೆ ಇಳಿಸಿಕೊಟ್ಟ ಗೆಳತಿಗೂ, ಎರಡು ಬೇಸಿಗೆ ಬೈಯದೆ ಕಾದ ಹನ್ನೊಂದು ಮಂದಿಗೂ ನನ್ನ ನಮಸ್ಕಾರ.

ಕಾಕಾ, ಒಂದು ಪುಟದಲ್ಲಿ ನನ್ನ ಹೆಸರೂ ಸಿಕ್ಕಿತು. ಶೇಂಗಾ ಚಿಕ್ಕಿ, 45 ರೂಪಾಯಿ. ಅದರ ಮೇಲೆ ನೀವು ಕಾಗದ ಹಿಡಿದಿರಲಿಲ್ಲ. ಎಳ್ಳಮಾಸಿಗೆ ಬಂದು ಚುಕ್ತಾ ಮಾಡ್ತೀನಿ.