ರೊಟ್ಟಿ ಕಟ್ಟಿ ಕಳಿಸಿದ ಆ ಸೀರೆ ತುಂಡು

2019ರ ಪ್ರವಾಹದಲ್ಲಿ ನಮ್ಮ ಹಳೇ ಮನೆ ಬಿದ್ದಿತ್ತು. ಮೊನ್ನೆ ಪಂಚಮಿ ಮುಗಿದ ಮರುದಿನ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಎರಡು ಖೋಲಿ, ಒಂದು ಅಡುಗೆಮನೆ, ಮುಂದೆ ಸಣ್ಣ ಕಟ್ಟೆ. ಬಣ್ಣ ಇನ್ನೂ ಆಗಿಲ್ಲ. ಅವ್ವ ಕಟ್ಟೆ ಮೇಲೆ ಕೂತು, "ಕಷ್ಟದಾಗ ಯಾರ‍್ಯಾರು ಬಂದ್ರು, ಅವರಿಗೆಲ್ಲ ಒಂದು ಮಾತು ಹೇಳಪಾ" ಅಂದಳು. ಎಷ್ಟೋ ಜನರ ಹೆಸರೇ ನಮಗೆ ಗೊತ್ತಿಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ರಾಮದುರ್ಗ ತಾಲ್ಲೂಕು, ಮಲಪ್ರಭೆ ದಂಡೆ. 2019ರಲ್ಲಿ ಆಗಸ್ಟ್ 5ಕ್ಕೆ ಪಂಚಮಿ ಇತ್ತು. ಅಕ್ಕ ಕೂಸು ಎತ್ತಿಕೊಂಡು ತವರಿಗೆ ಬಂದಿದ್ದಳು. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ. ಬೇವಿನ ಮರದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ಮಳೆಯ ಜೋರು ಇದ್ದದ್ದು ಮೇಲೆ, ಖಾನಾಪುರದ ಕಾಡಿನ ಕಡೆ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಡ್ಯಾಮು ಹಿಡಿಯುವುದು ಸುಮಾರು 37 ಟಿಎಂಸಿ. ಅದು ತುಂಬಲಿ ಅಂತ ವರ್ಷಗಟ್ಟಲೆ ಹರಕೆ ಹೊತ್ತವರು ನಾವೇ! ಆ ವಾರ ತುಂಬಿತು, ಗೇಟು ತೆಗೆದರು. 2009ರ ಪ್ರವಾಹದ ಹಾಗೆ ನೀರು ಹೊಸ್ತಿಲಿಗೆ ಬಂದು ನಿಂತೀತು ಅಂದುಕೊಂಡೆವು. ರಾತ್ರಿ ಕಳೆಯುವುದರೊಳಗೆ ಜಂತಿ ಮುಟ್ಟಿತ್ತು. ಮಣ್ಣಿನ ಗೋಡೆ, ನೀರಿದ್ದಾಗ ನಿಂತೇ ಇದ್ದವು. ಹೊಳೆ ಇಳಿದ ಮೇಲೆ ಒಂದೊಂದಾಗಿ ಕುಸಿದವು.

ಮೊದಲ ನಮಸ್ಕಾರ ನಮ್ಮೂರಿನ ಟ್ರ್ಯಾಕ್ಟರ್ ಅಣ್ಣನಿಗೆ. ತಮ್ಮ ಮನೆ ಸಾಮಾನು ಹಾಗೇ ಬಿಟ್ಟು ನಾಲ್ಕು ಟ್ರಿಪ್ಪು ಜನರನ್ನೇ ಸಾಗಿಸಿದರು. ಅಕ್ಕ ಹತ್ತಿದಾಗ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಉಂಡಿ ಡಬ್ಬಿ. ರೇಶನ್ ಕಾರ್ಡು, ಪಾಸ್‌ಬುಕ್ಕು ಇದ್ದ ಟ್ರಂಕು ಒಳಗೇ ಉಳಿಯಿತು. ಅವಳಿಗೆ ಎಷ್ಟು ಬೈದೆನೋ. ಆದರೆ ಆ ರಾತ್ರಿ ಶಾಲೆಯಲ್ಲಿ ಮಕ್ಕಳ ಹೊಟ್ಟೆಗೆ ಬಿದ್ದದ್ದು ಅದೇ ಉಂಡಿ.

ಆಮೇಲೆ ಗಂಜಿ ಕೇಂದ್ರದ ದಿನಗಳು. ಎಲ್ಲೆಲ್ಲಿಂದಲೋ ಗಾಡಿ ಬಂದವು. ಒಂದು ಮಾತು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಹಳೇ ಬಟ್ಟೆ ಜಾಸ್ತಿ ಆಗಿಬಿಟ್ಟಿತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಜೀನ್ಸ್ ಪ್ಯಾಂಟಿನ ರಾಶಿಯಲ್ಲಿ ಅವ್ವ ಎರಡು ದಿನ ಕುಬಸ ಹುಡುಕಿದಳು, ಸಿಗಲಿಲ್ಲ. ಶಾಲೆ ಅಂಗಳದಲ್ಲೇ ಆ ರಾಶಿ ಮಳೆಗೆ ನೆಂದು ನಾರಿತು.

ಹುಬ್ಬಳ್ಳಿ ಕಡೆಯ ಹುಡುಗರ ಗುಂಪೊಂದು ಮಾತ್ರ ಗಾಡಿ ತುಂಬುವ ಮೊದಲು ಫೋನ್ ಮಾಡಿತು. "ಏನ್ ಬೇಕ್ರಿ ಅಣ್ಣಾರ? ಖರೇ ಹೇಳ್ರಿ." ಸಂಕೋಚ ಬಿಟ್ಟು, "ದನಕ್ಕ ಮೇವಿಲ್ರಿ" ಅಂದೆ. ಮರುದಿನ ಒಂದು ಲಾರಿ ಜೋಳದ ಕಣಿಕೆ ಬಂತು. ಸಿವುಡು ಬಿಚ್ಚುವುದರೊಳಗೆ ನಮ್ಮ ಎತ್ತು ಬಾಯಿ ಹಾಕಿತ್ತು. ಮನೆ ಬಿದ್ದಾಗ ಅಳದ ಅವ್ವ ಅವತ್ತು ಅತ್ತಳು. ಆ ಹುಡುಗರು ಜೊತೆಗೆ ಇಬ್ಬರು ಹುಡುಗಿಯರನ್ನೂ ಕರೆತಂದಿದ್ದರು, ಹೆಣ್ಣುಮಕ್ಕಳನ್ನು ಬೇರೆ ಕೂರಿಸಿ ಕೇಳಲಿ ಅಂತ. ಸಂಜೆಗೆ ಪ್ಯಾಡು, ಒಳಬಟ್ಟೆ, ಸ್ನಾನಕ್ಕೆ ಮರೆ ಕಟ್ಟಲು ತಾಡಪಾಲು ಎಲ್ಲ ಬಂತು. ನನಗಂತೂ ಅದು ಹೊಳೆದೇ ಇರಲಿಲ್ಲ.

ಸಲಿಕೆ ಹಿಡಿದು ಬಂದು ಮೊಣಕಾಲುದ್ದ ರಾಡಿ ತೆಗೆದವರಿಗೆ, ಕಳೆದ ಕಾಗದಗಳಿಗೆ ಅರ್ಜಿ ಬರೆದುಕೊಟ್ಟ ಮಾಸ್ತರಿಗೆ ಶರಣು. ಬಿದ್ದ ಮನೆಗಳ ಪಟ್ಟಿಯಲ್ಲಿ ಮೊದಲು ನಮ್ಮ ಹೆಸರೇ ಇರಲಿಲ್ಲ. ಅಲೆದಾಟದ ಕಥೆ ಇಲ್ಲಿ ಬೇಡ. ಅಷ್ಟೂ ಸಲ ಅದೇ ಮಾಸ್ತರು ತಮ್ಮ ಬೈಕಿನಲ್ಲಿ ಕರೆದೊಯ್ದರು, ಒಮ್ಮೆಯೂ ಪೆಟ್ರೋಲಿನ ರೊಕ್ಕ ಮುಟ್ಟಲಿಲ್ಲ. ತಕ್ಷಣಕ್ಕೆ ಅಂತ ಸರ್ಕಾರದಿಂದ 10,000 ರೂಪಾಯಿ ಸಿಕ್ಕಿತ್ತು. ಮನೆ ಕಟ್ಟಲು ಸರ್ಕಾರ ಕೊಟ್ಟ 5 ಲಕ್ಷ ಒಂದೇ ಸಲ ಬರಲಿಲ್ಲ, ಕೆಲಸ ಎದ್ದಂತೆ ಕಂತಿನಲ್ಲಿ ಬಂತು. ಮಧ್ಯೆ ಕೊರೊನಾ ಬೇರೆ. ಅಷ್ಟೂ ದಿನ ನಮ್ಮನ್ನು ಇಟ್ಟುಕೊಂಡವರು ದೂರದ ಸಂಬಂಧದ ಕಾಕಾ, ಕಾಕಿ. 2009ರ ಹೊಳೆಯ ನಂತರ ಸರ್ಕಾರದ 'ಆಸರೆ' ಯೋಜನೆಯಲ್ಲಿ ಅವರಿಗೆ ಸಿಕ್ಕ ಮನೆ ಅದು. ಇರುವುದೇ ಪುಟ್ಟ ಮನೆ, ಅದರಲ್ಲಿ ಅರ್ಧ ನಮಗೆ ಕೊಟ್ಟರು. ಕಾಕಿ ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ.

ಕೊನೆಗೆ ಒಂದು ವಿಚಾರಣೆ. ಗಂಜಿ ಕೇಂದ್ರಕ್ಕೆ ಬಂದ ಖಡಕ್ ರೊಟ್ಟಿಯ ಗಂಟುಗಳಲ್ಲಿ ಒಂದನ್ನು ಹಳೇ ಇಳಕಲ್ ಸೀರೆ ತುಂಡಿನಲ್ಲಿ ಕಟ್ಟಿದ್ದರು. ಹಸಿರು ಒಡಲು, ಕೆಂಪು ಅಂಚು. ಒಳಗೆ ಶೇಂಗಾ ಚಟ್ನಿ, ಒಂದು ಚೀಟಿ: "ತಿಂಗಳಾದರೂ ಕೆಡುವುದಿಲ್ಲ, ಅಂಜದೆ ಉಣ್ಣಿರಿ." ಹೆಸರಿಲ್ಲ, ಊರಿಲ್ಲ. ಅವ್ವ ಆ ಬಟ್ಟೆ ಒಗೆದು ಮಡಚಿಟ್ಟಿದ್ದಾಳೆ. ಅದು ನಿಮ್ಮದಾಗಿದ್ದರೆ ದಯವಿಟ್ಟು ತಿಳಿಸಿ. ಬಂದ ಬಟ್ಟೆ ಬರಿದಾಗಿ ಹೋಗಬಾರದಂತೆ. ಈ ಪಂಚಮಿಯ ಉಂಡಿ ತೆಗೆದಿಟ್ಟಿದ್ದಾಳೆ, ಕಟ್ಟಿ ಕಳಿಸುತ್ತೇವೆ.