ಮಗಳಿಗೊಂದು ಪತ್ರ: ಟ್ರ್ಯಾಕಿಗೆ ಹೊರಡುವ ಮುನ್ನ

ದಾವಣಗೆರೆ

ಚಿ. ಸಿಂಧುವಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯಲ್ಲಿ ಹವ್ಯಾಸಿ ಸವಾರರು ತಮ್ಮ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ನೋಡುವ ಟ್ರ್ಯಾಕ್ ಡೇಗೆ ಹೆಸರು ಕೊಟ್ಟಿರುವುದಾಗಿ ನೀನು ಹೇಳಿದಾಗ, ನಾನು ಏನೂ ಮಾತನಾಡದೆ ಫೋನನ್ನು ನಿನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನೀನು ಅದನ್ನು ಕೋಪವೆಂದು ತಿಳಿದಿರಬೇಕು. ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನಿಗೆ ಸ್ವಂತ ಮಗಳ ವಿಷಯ ಬಂದಾಗ ಲೆಕ್ಕವೆಲ್ಲ ಮರೆತುಹೋಯಿತು, ಅಷ್ಟೆ. ಈ ಹತ್ತು ದಿನ ಕುಳಿತು ಲೆಕ್ಕ ಮಾಡಿದ್ದೇನೆ. ನೀನು ಹೋಗಬಹುದು. ಆದರೆ ನನಗೆ ಯಾವುದರ ಭಯ, ಯಾವುದರದ್ದು ಅಲ್ಲ ಎಂಬುದನ್ನು ಬರೆದು ತಿಳಿಸಬೇಕೆನಿಸಿತು.

ನನ್ನ ಎಡ ಹೆಗಲು ಸ್ವಲ್ಪ ಇಳಿದಿರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಮದುವೆಗೆ ಮೊದಲು, ಜಗಳೂರಿನ ಕಡೆಯ ರಸ್ತೆಯಲ್ಲಿ, ಒಕ್ಕಣೆಗೆಂದು ಡಾಂಬರಿನ ಮೇಲೆ ಹರವಿದ್ದ ಹುರುಳಿಯ ಮೇಲೆ ನನ್ನ ಎಜ್ಡಿ ಬೈಕು ಜಾರಿ ಕಾಲರ್ ಬೋನ್ ಮುರಿದಿತ್ತು. ವೇಗ ಅರವತ್ತು ದಾಟಿರಲಿಲ್ಲ. ತಿರುವಿನಾಚೆ ಹುರುಳಿ ಇದೆಯೆಂದು ನನಗೆ ಗೊತ್ತಿರಲಿಲ್ಲ ಎಂಬುದೇ ಆ ಅಪಘಾತದ ಪೂರ್ತಿ ಕಾರಣ. ನೀನು ಹೋಗುತ್ತಿರುವ ಟ್ರ್ಯಾಕಿನಲ್ಲಿ ಹುರುಳಿ ಇಲ್ಲ, ನಾಯಿ ಇಲ್ಲ, ಎದುರಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರ್ ಇಲ್ಲ. 1990ರಲ್ಲಿ ಆರಂಭವಾದ ಆ ಟ್ರ್ಯಾಕಿನ ಉದ್ದ 3.717 ಕಿ.ಮೀ.; ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡಿಸುತ್ತಾರೆ, ಬಿದ್ದವರು ಜಾರಿಹೋಗಲು ಜಾಗವಿದೆ, ಬಾವುಟ ಹಿಡಿದ ಮಾರ್ಷಲ್‌ಗಳಿದ್ದಾರೆ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತದೆ. ನನ್ನನ್ನು ಬೀಳಿಸಿದಂಥವನ್ನೆಲ್ಲ ಅಲ್ಲಿ ಗುಡಿಸಿ ತೆಗೆದಿರುವಾಗ ಉಳಿಯುವುದು ನಿನ್ನ ಕೈ, ನಿನ್ನ ಕಣ್ಣು ಮತ್ತು ನಿನ್ನ ಅಂದಾಜು ಮಾತ್ರ.

ಆ ಅಂದಾಜಿನ ಬಗ್ಗೆ ಮೇಷ್ಟ್ರಾಗಿ ಒಂದು ಮಾತು. ನಲವತ್ತು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 72 ಕಿ.ಮೀ. ವೇಗದಲ್ಲಿ ದಾಟಬೇಕಾದರೆ ನೀನೂ ಬೈಕೂ ಸೇರಿ ಸುಮಾರು 45 ಡಿಗ್ರಿ ವಾಲಬೇಕಾಗುತ್ತದೆ. ಅಂದರೆ ಟೈರು ನಿಮ್ಮಿಬ್ಬರ ಒಟ್ಟು ತೂಕದಷ್ಟೇ ಬಲದಿಂದ ನೆಲವನ್ನು ಪಕ್ಕಕ್ಕೆ ಹಿಡಿದಿರಬೇಕು. ಅದೇ ತಿರುವಿಗೆ 80ರಲ್ಲಿ ಹೋದರೆ ಬೇಕಾಗುವ ಕೋನ 51 ಡಿಗ್ರಿ ಮೀರುತ್ತದೆ, ಸಾಧಾರಣ ರಸ್ತೆ ಟೈರು ಅದನ್ನು ತಾಳುವುದು ಕಷ್ಟ. ಎಂಟು ಕಿ.ಮೀ. ಎಂದರೆ ಸ್ಪೀಡೋಮೀಟರಿನ ಮುಳ್ಳು ಕದಲಿದ್ದೂ ಕಾಣದಷ್ಟು ಅಂತರ. ಟೈರಿನ ಹಿಡಿತ ನಮ್ಮ ಮನೆಯ ತಿಂಗಳ ಸಂಬಳವಿದ್ದ ಹಾಗೆ: ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಉಳಿಯುವುದಿಲ್ಲ. ಆದ್ದರಿಂದ ಬ್ರೇಕಿನ ಬಹುಪಾಲು ಕೆಲಸವನ್ನು ಬೈಕು ನೆಟ್ಟಗಿರುವಾಗಲೇ ಮುಗಿಸು, ವಾಲುತ್ತಾ ಹೋದಂತೆ ಲಿವರನ್ನು ಮೆಲ್ಲಗೆ ಬಿಡುತ್ತಾ ಬಾ. ಕಣ್ಣನ್ನು ಮುಂದಿನ ಚಕ್ರದ ಮೇಲಲ್ಲ, ತಿರುವಿನ ಕೊನೆಯ ಮೇಲಿಡು. ನೋಟ ಹೋದ ಕಡೆಗೆ ಬೈಕು ಹೋಗುತ್ತದೆಂಬುದು ನನ್ನ ಎಜ್ಡಿಗೂ ನಿಜವಾಗಿತ್ತು.

ಸಿದ್ಧತೆಯ ವಿಷಯ ನನಗಿಂತ ನಿನಗೇ ಹೆಚ್ಚು ಗೊತ್ತು. ಕನ್ನಡಿಗಳನ್ನು ಬಿಚ್ಚುವುದು, ದೀಪದ ಗಾಜುಗಳಿಗೆ ಟೇಪು ಸುತ್ತುವುದು, ಚೈನಿನ ಸಡಿಲ ನೋಡುವುದು ಇವೆಲ್ಲ ಅರ್ಧ ದಿನದ ಕೆಲಸ. ಅನೇಕ ಟ್ರ್ಯಾಕುಗಳಲ್ಲಿ ಎಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟನ್ನು ತೆಗೆಸಿ ಬರೀ ನೀರು ಹಾಕಿಸುತ್ತಾರಂತೆ, ಏಕೆಂದರೆ ಅದರಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ಹಿಂದೆ ಬರುವವರೆಲ್ಲ ಜಾರುತ್ತಾರೆ. ಆ ನಿಯಮ ಓದಿ, ಇದನ್ನು ಮಾಡಿದವರು ಬುದ್ಧಿವಂತರೇ ಎಂದು ನನಗೆ ಮೊದಲ ಸಲ ಸಮಾಧಾನವಾಯಿತು. ಲೆದರ್ ಸೂಟನ್ನು ಬಾಡಿಗೆಗೆ ತಂದರೂ ಚಿಂತೆಯಿಲ್ಲ, ಆದರೆ ಹೆಲ್ಮೆಟ್ ನಿನ್ನದೇ ಆಗಿರಲಿ, ಒಮ್ಮೆಯೂ ಬಿದ್ದು ಪೆಟ್ಟಾಗದ್ದೇ ಆಗಿರಲಿ. ಇನ್ನೊಂದು ವಿಷಯ: ನಮ್ಮ ದೇಶದ ಸಾಮಾನ್ಯ ವಾಹನ ವಿಮೆಯ ಷರತ್ತುಗಳಲ್ಲಿ ರೇಸಿಂಗ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ, ಬೈಕಿಗೆ ಪೆಟ್ಟಾದರೆ ಹಣ ಕೈಯಿಂದಲೇ ಹೋಗಬಹುದೆಂದು ತಿಳಿದಿರು, ನಿನ್ನ ಆರೋಗ್ಯ ವಿಮೆಯ ಷರತ್ತುಗಳನ್ನೂ ಕನ್ನಡಕ ಹಾಕಿಕೊಂಡು ಓದು.

ನಿನ್ನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಹೆಣ್ಣುಮಕ್ಕಳು ಇರುತ್ತಾರೆಯೇ? ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಒರಟು ನೆಲದ ಬೈಕ್ ರ್‍ಯಾಲಿಗಳ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದದ್ದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರ ಮನೆಯಲ್ಲೂ ಹೀಗೇ ಹೆದರಿರಬೇಕು' ಎಂದಳು.

ಇನ್ನು ನನ್ನ ನಿಜವಾದ ಭಯ. ನಮ್ಮೂರಿನ ಪಕ್ಕದಲ್ಲಿ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಚಿತ್ರದುರ್ಗ, ತುಮಕೂರು, ಬೆಂಗಳೂರು, ವೆಲ್ಲೂರು ದಾಟಿ ನಿನ್ನ ಟ್ರ್ಯಾಕಿನ ಮಗ್ಗುಲಲ್ಲೇ ಸಾಗುತ್ತದೆ. ದಿನವಿಡೀ ಚೆನ್ನೈನ ಸೆಕೆಯಲ್ಲಿ ಸೂಟಿನೊಳಗೆ ಬೆವರಿ, ಕೈಕಾಲು ಸೋತಿರುವಾಗ, ನೂರಕ್ಕಿಂತ ಕಡಿಮೆ ವೇಗವೆಲ್ಲ ನಿಂತಂತೆಯೇ ಎಂಬ ಭ್ರಮೆ ಇನ್ನೂ ತಲೆಯಲ್ಲಿರುವಾಗ, ಅದೇ ಸಂಜೆ ಈ ರಸ್ತೆಯಲ್ಲಿ ಬೆಂಗಳೂರಿಗೆ ಸುಮಾರು 300 ಕಿ.ಮೀ. ಓಡಿಸಿಕೊಂಡು ಬರುತ್ತೇನೆ ಎಂದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಲ್ಲಿ ಗುಡಿಸಿ ತೆಗೆದದ್ದೆಲ್ಲ ಇಲ್ಲಿ ಕಾಯುತ್ತಿರುತ್ತದೆ: ದೀಪವಿಲ್ಲದೆ ನಿಂತ ಲಾರಿ, ಎದುರು ದಿಕ್ಕಿನಲ್ಲಿ ಬರುವ ಸ್ಕೂಟರ್, ಒಣಗಲು ಹಾಕಿದ ಮೆಕ್ಕೆಜೋಳ. ಬೈಕನ್ನು ಪಿಕಪ್ ಗಾಡಿಯಲ್ಲಿ ಹಾಕಿಸು, ಹೋಗುವಾಗಲೂ ಬರುವಾಗಲೂ. ಬಾಡಿಗೆ ನಾನು ಕೊಡುತ್ತೇನೆ. ದಿನದ ಕೊನೆಯ ಸೆಷನ್ನನ್ನೂ, ತೋಳು ಭಾರವೆನಿಸಿದರೆ, ಹಣ ಕೊಟ್ಟಿದ್ದೇನೆಂಬ ಜಿಪುಣತನಕ್ಕೆ ಓಡಿಸಬೇಡ.

ನಿನ್ನ ಅಭ್ಯಂತರವಿಲ್ಲದಿದ್ದರೆ ನಾನೂ ಪಿಕಪ್ಪಿನಲ್ಲೇ ಕುಳಿತು ಬರುತ್ತೇನೆ. ಪ್ರತಿ ಸೆಷನ್ ಮುಗಿದು ಟೈರು ಬಿಸಿಯಿರುವಾಗಲೇ ಗಾಳಿಯ ಒತ್ತಡ ಅಳೆದು ಬರೆದಿಡಲು ಒಬ್ಬರು ಬೇಕಾಗುತ್ತದೆ, ಆ ಕೆಲಸಕ್ಕೆ ನನ್ನ ಹೆಗಲು ಅಡ್ಡಿಯಾಗದು. ಫಾರಂನಲ್ಲಿ ತುರ್ತು ಸಂಪರ್ಕಕ್ಕೆ ಅಮ್ಮನ ನಂಬರ್ ಬರೆದಿದ್ದರೆ ಈಗಲೇ ಬದಲಿಸು. ಅವಳು ಫೋನನ್ನು ಅಡುಗೆಮನೆಯಲ್ಲಿಟ್ಟು ಟೆರೇಸಿಗೆ ಹೋಗುತ್ತಾಳೆ.

ಇತಿ ನಿನ್ನ
ಅಪ್ಪ